ಗೋಡೆಹೂ ಬೆಳೆಸಿ, ಬಿಸಿಲಿಗೆ ಬನ್ನಿ; ಸೊಪ್ಪು ಮಾತ್ರ ಕೀಳಬೇಡಿ

ಏಪ್ರಿಲ್ ಬಂತೆಂದರೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಎಷ್ಟೋ ಮಂದಿ ಹಿರಿಯರು ಇಂಗ್ಲೆಂಡಿನ ವಿಮಾನ ಹತ್ತುತ್ತಾರೆ. ಮಗಳ ಬಾಣಂತನವೋ, ಮೊಮ್ಮಗನ ನಾಮಕರಣವೋ, ಇಲ್ಲವೇ ಸುಮ್ಮನೆ ಮಗನ ಸಂಸಾರ ನೋಡಿಬರುವ ಆಸೆಯೋ. ವೀಸಾ ಆರು ತಿಂಗಳಿನದು. ಮೊದಲ ಹದಿನೈದು ದಿನ ಊರು ಸುತ್ತುವುದರಲ್ಲಿ ಕಳೆದುಹೋಗುತ್ತದೆ. ಆಮೇಲೆ? ಮಗ, ಸೊಸೆ ಬೆಳಿಗ್ಗೆ ಕೆಲಸಕ್ಕೆ ಹೋದರೆ ಮರಳುವುದು ಸಂಜೆಗೆ. ಮಾತಾಡಿಸುವ ನೆರೆಯವರಿಲ್ಲ, ತರಕಾರಿ ಗಾಡಿಯವನ ಕೂಗಿಲ್ಲ, ಸಂಜೆ ಹೋಗಿ ಕೂರಲು ದೇವಸ್ಥಾನದ ಜಗಲಿಯಿಲ್ಲ. ಹೊರಗೆ ಚಳಿಯೆಂದು ಕಿಟಕಿಯ ಗಾಜಿನ ಹಿಂದೆ ಕುಳಿತು ಟೀವಿ ನೋಡುವುದೇ ದಿನಚರಿಯಾಗುತ್ತದೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಮಂಡಿ ಹಿಡಿದುಕೊಳ್ಳುತ್ತದೆ, ರಕ್ತದ ಸಕ್ಕರೆ ಏರುತ್ತದೆ, ನಿದ್ದೆ ಕೆಡುತ್ತದೆ. ಕಾರಣವಿಲ್ಲದೆ ಅಳು ಬರುವುದೂ ಉಂಟು.

ಇಂಥವರಿಗೆ ಈ ವಾರ ಒಂದು ಔಷಧಿ ಹೇಳುತ್ತೇವೆ. ಇದು ಔಷಧದ ಅಂಗಡಿಯಲ್ಲಿ ಸಿಗುವಂಥದಲ್ಲ. ಮಕ್ಕಳ ಮನೆಯ ಹಿಂದೆ ಸಾಮಾನ್ಯವಾಗಿ ಒಂದು ತುಂಡು ಹಿತ್ತಲಿರುತ್ತದೆ. ನೋಡಿಕೊಳ್ಳಲು ಯಾರಿಗೂ ಪುರುಸೊತ್ತಿರುವುದಿಲ್ಲ. ಆ ಹಿತ್ತಲಿನ ಬಿಸಿಲು ಬೀಳುವ ಮೂಲೆಯಲ್ಲಿ ಸೊಂಟದೆತ್ತರಕ್ಕೆ ಒಂದು ತೊಟ್ಟಿ, ಒಂದಿಷ್ಟು ಸಣ್ಣ ಜಲ್ಲಿ, ನಾಲ್ಕಾರು ಕುಳ್ಳ ಗಿಡಗಳು, ಇಷ್ಟೇ ಸಾಮಗ್ರಿ. ಗಿಡದ ಹೆಸರು ವಾಲ್‌ಫ್ಲವರ್. ನಾವು ಅದನ್ನು ಗೋಡೆಹೂ ಎಂದು ಕರೆಯೋಣ. ಹಳೆಯ ಕೋಟೆ, ಚರ್ಚುಗಳ ಕಲ್ಲುಗೋಡೆಯ ಸಂದಿಯಲ್ಲಿ ತಾನಾಗಿ ಬೆಳೆಯುವುದರಿಂದ ಅದಕ್ಕೆ ಆ ಹೆಸರು.

ಆದರೆ ಮೊದಲೇ ಒಂದು ಮಾತು. ಈ ಗಿಡ ನಮ್ಮ ಸಾಸಿವೆಯ ದಾಯಾದಿ. ಎಳೆಯದಿದ್ದಾಗ ಅಡುಗೆಯ ಸೊಪ್ಪೆಂದೇ ಕಣ್ಣಿಗೆ ಕಾಣುತ್ತದೆ. ಒಳಗಿರುವುದು ಮಾತ್ರ ಹೃದಯಕ್ಕೆ ತಗಲುವ ವಿಷ. ತೋಟಗಾರಿಕೆಯ ಪುಟಕ್ಕೆ ಹೋಗಬೇಕಾದ ವಿಷಯ ಆರೋಗ್ಯದ ಅಂಕಣಕ್ಕೆ ಬಂದದ್ದು ಈ ಕಾರಣದಿಂದ. ಅದರ ವಿವರ ಮುಂದೆ ಬರುತ್ತದೆ, ದಯವಿಟ್ಟು ಕೊನೆಯವರೆಗೂ ಓದಿ.

ಬೆಟ್ಟದ ಕುಳ್ಳ ಗಿಡ

ಗೋಡೆಹೂಗಳ ಕುಲಕ್ಕೆ ಸಸ್ಯಶಾಸ್ತ್ರಜ್ಞರು ಎರಿಸಿಮಮ್ ಎನ್ನುತ್ತಾರೆ. 150ಕ್ಕೂ ಹೆಚ್ಚು ಜಾತಿಗಳಿವೆ. ಇಂಗ್ಲೆಂಡಿನ ಉದ್ಯಾನಗಳಲ್ಲಿ ಸಾಲುಸಾಲಾಗಿ ಕಾಣುವ ಮೊಣಕಾಲೆತ್ತರದ ಗಿಡ ಎರಿಸಿಮಮ್ ಚೈರಿ. ಅದರ ತವರು ಗ್ರೀಸಿನ ಕಡೆಯ ಬಂಡೆಗಳು. ನಾವು ಹೇಳುತ್ತಿರುವುದು ಅದರ ಬೆಟ್ಟದ ತಮ್ಮಂದಿರ ಮಾತು. ತುರ್ಕಿಯ ಪರ್ವತಗಳಿಂದ ಬಂದ ಎರಿಸಿಮಮ್ ಕೊಟ್ಷಿಯಾನಮ್ ಎಂಬುದು ನೆಲಕ್ಕೆ ಅಂಟಿಕೊಂಡ ಮೆತ್ತೆಯಂತೆ ಹಬ್ಬುತ್ತದೆ. ಎತ್ತರ ಹೆಚ್ಚೆಂದರೆ ಒಂದು ಗೇಣಿನ ಅರ್ಧ, ಸುಮಾರು 10 ಸೆಂಟಿಮೀಟರ್. ವಸಂತ ಕಳೆದು ಬೇಸಿಗೆ ಕಾಲಿಡುವಾಗ ಎಲೆಯೇ ಕಾಣದಷ್ಟು ಹಳದಿ ಹೂ. ಆಸ್ಟ್ರಿಯಾದ ಸಸ್ಯಶಾಸ್ತ್ರಜ್ಞ ಥಿಯೊಡೋರ್ ಕೊಟ್ಷಿ (1813–1866) ಅವರ ನೆನಪಿಗೆ ಇಟ್ಟ ಹೆಸರು ಅದು. ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಕಣಿವೆಗಳ ಒಣ ಬಂಡೆಗಳಲ್ಲಿ ಬೆಳೆಯುವ ಎರಿಸಿಮಮ್ ರೇಟಿಕಮ್ ಕೂಡ ಇದೇ ಬಳಗದ್ದು. ಗಿಡ ಮಾರುವವರಲ್ಲಿ ಆಲ್ಪೈನ್ ಗಿಡಗಳ ಸಾಲು ಯಾವುದೆಂದು ಕೇಳಿದರೆ ತೋರಿಸುತ್ತಾರೆ. ‘ಬೌಲ್ಸ್ ಮೋವ್’ ಎಂಬ ನೇರಳೆ ಬಣ್ಣದ್ದು ಎಲ್ಲ ಕಡೆಯೂ ಸಿಗುತ್ತದೆ, ಚೆನ್ನಾಗಿಯೂ ಇದೆ, ಆದರೆ ಎರಡಡಿ ಮೀರಿ ಪೊದೆಯಾಗುತ್ತದೆ. ತೊಟ್ಟಿಗೆ ಅದು ಬೇಡ.

ಹೂವಿಗೆ ನಾಲ್ಕೇ ಎಸಳು, ಕೂಡುಗುರುತಿನ ಹಾಗೆ. ಸಾಸಿವೆ, ಮೂಲಂಗಿ, ಎಲೆಕೋಸು ಎಲ್ಲದರ ಹೂವೂ ಹೀಗೆಯೇ. ಇವೆಲ್ಲ ಒಂದೇ ಮನೆತನ. ಹಲವು ಗೋಡೆಹೂಗಳಿಗೆ ಜೇನಿನಂಥ ಸಿಹಿ ಪರಿಮಳ ಉಂಟು. ತೊಟ್ಟಿ ಎತ್ತರದಲ್ಲಿದ್ದರೆ ಬಗ್ಗದೆಯೇ ಮೂಸಬಹುದು; ಇದು ಸಣ್ಣ ಲಾಭವೇನಲ್ಲ.

ಕೊಬ್ಬಿದ ಮಣ್ಣು ಬೇಡ

ಗಿಡ ಎಂದ ಕೂಡಲೇ ನಮ್ಮವರು ಮಾಡುವ ಮೊದಲ ಕೆಲಸ ಬುಟ್ಟಿ ಗೊಬ್ಬರ ಸುರಿಯುವುದು, ಎರಡನೆಯದು ಬೆಳಿಗ್ಗೆ ಸಂಜೆ ನೀರು ಹಾಕುವುದು. ಮಲ್ಲಿಗೆ, ಗುಲಾಬಿಗೆ ಇದು ಸರಿ. ಬೆಟ್ಟದ ಗೋಡೆಹೂವಿಗೆ ಎರಡೂ ಅಪಾಯ. ಅದು ಹುಟ್ಟಿದ ಜಾಗ ನೆನೆಯಿರಿ: ಕಡಿದಾದ ಇಳಿಜಾರು, ಒಡೆದ ಕಲ್ಲು, ಕಲ್ಲಿನ ಸಂದಿಗೆ ಸಿಕ್ಕಿಕೊಂಡ ಹಿಡಿ ಮಣ್ಣು. ಮಳೆ ಬಂದರೆ ಗಳಿಗೆಯಲ್ಲಿ ಇಳಿದುಹೋಗುತ್ತದೆ. ಬೇರು ಮಾತ್ರ ತೇವ ಹುಡುಕುತ್ತ ಕಲ್ಲಿನಡಿ ಆಳಕ್ಕೆ ಹೋಗಿರುತ್ತದೆ. ಮೇಲೆ ದಿನವಿಡೀ ಬಿಸಿಲು.

ಚಳಿಗೆ ಈ ಗಿಡ ಹೆದರುವುದಿಲ್ಲ. ಇಂಗ್ಲೆಂಡಿನ ಮಾಮೂಲಿ ಹಿಮ ಅದಕ್ಕೆ ಲೆಕ್ಕಕ್ಕಿಲ್ಲ. ಬೆಟ್ಟದ ಮೇಲೆ ಚಳಿಗಾಲವಿಡೀ ಅದು ಹಿಮದ ಕಂಬಳಿಯ ಕೆಳಗೆ ಒಣಗಿಕೊಂಡು ಬೆಚ್ಚಗೆ ಮಲಗಿರುತ್ತದೆ. ಅದನ್ನು ಕೊಲ್ಲುವುದು ಚಳಿಗಾಲದ ನೀರು. ನವೆಂಬರಿನಿಂದ ಫೆಬ್ರುವರಿವರೆಗೆ ಜಿಟಿಜಿಟಿ ಸುರಿಯುವ ಮಳೆಯಲ್ಲಿ, ಲಂಡನ್ನಿನ ಜೇಡಿಮಣ್ಣಿನಲ್ಲಿ ಬೇರು ಕೊಳೆತು ಗಿಡ ಸಾಯುತ್ತದೆ. ಗಿಡ ಚಳಿಗೆ ಸತ್ತಿತೆಂದು ಮಗ ಫೋನಿನಲ್ಲಿ ಹೇಳುತ್ತಾನೆ. ನಂಬಬೇಡಿ.

ನೆಲದಲ್ಲೇ ನೆಡುವ ಮನಸ್ಸಿದ್ದರೆ ಒಂದು ಪರೀಕ್ಷೆ ಮಾಡಿ. ಒಂದು ಅಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ. ಇಂಗಿದ ಮೇಲೆ ಇನ್ನೊಮ್ಮೆ ತುಂಬಿಸಿ. ಮಾರನೆಯ ಬೆಳಿಗ್ಗೆಯೂ ಗುಂಡಿಯಲ್ಲಿ ನೀರು ನಿಂತಿದ್ದರೆ ಆ ಜಾಗದಲ್ಲಿ ಬೇಡವೇ ಬೇಡ. ಹೇಗಿದ್ದರೂ ಅರವತ್ತು ದಾಟಿದವರಿಗೆ ನೆಲಕ್ಕಿಂತ ತೊಟ್ಟಿಯೇ ವಾಸಿ ಎನ್ನುವುದು ನಮ್ಮ ಅಭಿಪ್ರಾಯ. ಬಗ್ಗಿ ಅಗೆಯುವ ಕೆಲಸವಿಲ್ಲ, ಮಂಡಿಯೂರುವ ಕಷ್ಟವಿಲ್ಲ. ಇಂಗ್ಲಿಷರು ಹಳೆಯ ಕಲ್ಲಿನ ಬಾನಿಗಳಲ್ಲಿ ಬೆಟ್ಟದ ಗಿಡ ಬೆಳೆಸುವ ರೂಢಿ ನೂರು ವರ್ಷದಷ್ಟು ಹಳೆಯದು. ನಮ್ಮ ಹಳ್ಳಿಗಳಲ್ಲಿ ದನಕ್ಕೆ ನೀರಿಡುವ ಕಲ್ಲುಬಾನಿ ಇರುತ್ತದಲ್ಲ, ಹೆಚ್ಚುಕಡಿಮೆ ಅಂಥದೇ. ಈಗ ಹಗುರವಾದ ತೊಟ್ಟಿಗಳೂ ಸಿಗುತ್ತವೆ. ನಿಂತು ಕೆಲಸ ಮಾಡುವವರು ಅದನ್ನು ಸೊಂಟದೆತ್ತರಕ್ಕೆ, ಕುರ್ಚಿಯಲ್ಲಿ ಕುಳಿತು ಮಾಡುವವರು ಸುಮಾರು 60ರಿಂದ 70 ಸೆಂಟಿಮೀಟರ್ ಎತ್ತರಕ್ಕೆ ಇಟ್ಟಿಗೆ ಪೇರಿಸಿ ಕೂರಿಸಿಕೊಳ್ಳಬೇಕು. ಮಣ್ಣು ತುಂಬಿದ ತೊಟ್ಟಿ ವಿಪರೀತ ಭಾರ. ಆದ್ದರಿಂದ ಮೊದಲು ಜಾಗಕ್ಕೆ ಕೂರಿಸಿ, ಆಮೇಲೆ ಮಣ್ಣು ತುಂಬಿ. ಕೂರಿಸುವುದು ಮಗನ ಕೆಲಸ, ನಿಮ್ಮದಲ್ಲ.

ತೊಟ್ಟಿಯ ಆಳ ಒಂದು ಅಡಿಯ ಹತ್ತಿರವಿರಲಿ. ತಳದಲ್ಲಿ ನಾಲ್ಕಾರು ತೂತು ಬೇಕೇಬೇಕು. ತೂತಿನ ಮೇಲೆ ಮಣ್ಣು ಸೋರದಂತೆ ಒಂದು ಚೂರು ಬಲೆ ಹಾಸಿದರೆ ಸಾಕು. ತಳಕ್ಕೆ ದಪ್ಪ ಜಲ್ಲಿಯ ಪದರ ಹಾಕಿ ಮೇಲೆ ಮಣ್ಣು ತುಂಬಿದರೆ ನೀರು ಬೇಗ ಇಳಿಯುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಆಗುವುದು ಇದರ ತಿರುವುಮುರುವು. ನುಣುಪಾದ ಮಣ್ಣು ಒದ್ದೆ ಬಟ್ಟೆಯ ಹಾಗೆ; ಪೂರ್ತಿ ನೆನೆದು ಇನ್ನು ಹಿಡಿಯಲಾರೆ ಎನ್ನುವವರೆಗೆ ಕೆಳಗಿನ ಜಲ್ಲಿಗೆ ನೀರು ಬಿಡುವುದಿಲ್ಲ. ಆ ನೀರೆಲ್ಲ ಬೇರಿನ ಸುತ್ತಲೇ ನಿಲ್ಲುತ್ತದೆ. ಜಲ್ಲಿ ಇರಬೇಕಾದದ್ದು ಮಣ್ಣಿನ ಒಳಗೆ, ಉದ್ದಕ್ಕೂ ಬೆರೆತು. ಒಂದು ಪಾಲು ತೋಟದ ಮಣ್ಣು, ಒಂದು ಪಾಲು ಎಲೆಗೊಬ್ಬರ, ಒಂದೂವರೆಯಿಂದ ಎರಡು ಪಾಲು ಸಣ್ಣ ಜಲ್ಲಿ. ನಮ್ಮ ಮೇಸ್ತ್ರಿಗಳು ಬೇಬಿ ಜಲ್ಲಿ ಎನ್ನುತ್ತಾರಲ್ಲ, ಅದಕ್ಕಿಂತಲೂ ಸಣ್ಣದು, ತೊಗರಿಬೇಳೆಯ ಗಾತ್ರದ್ದು. ಬೇರೆ ಗೊಬ್ಬರ ಹಾಕಬೇಡಿ. ತಿಂದು ಕೊಬ್ಬಿದ ಗಿಡ ಉದ್ದುದ್ದ ಸೊಪ್ಪು ಬಿಟ್ಟು ಒರಗುತ್ತದೆ, ಹೂ ಕಡಿಮೆ, ಚಳಿಗೂ ತಡೆಯುವುದಿಲ್ಲ.

ನೆಟ್ಟ ಮೇಲೆ ಗಿಡದ ಕುತ್ತಿಗೆಯ ಸುತ್ತ ಎರಡು ಬೆರಳು ದಪ್ಪಕ್ಕೆ ಜಲ್ಲಿ ಹಾಸಿ. ಮಳೆ ನೀರು ಬುಡದಲ್ಲಿ ನಿಲ್ಲದೆ ಜಾರುತ್ತದೆ, ಎಲೆಗೆ ಕೆಸರು ಸಿಡಿಯುವುದಿಲ್ಲ, ಕಳೆಯೂ ಕಡಿಮೆ. ಎರಡು ಮೂರು ಕಲ್ಲುಗಳನ್ನು ಅರ್ಧ ಹೂತು ಒಂದಿಷ್ಟು ವಾಲಿಸಿ ನಿಲ್ಲಿಸಿದರೆ ನೋಡಲೂ ಚೆಂದ. ಕಲ್ಲಿನ ಅಡಿಯ ತಂಪಿಗೆ ಬೇರು ಹೋಗುತ್ತದೆ. ಲಂಡನ್ನಿನಲ್ಲಿ ಇರುವವರು ಕ್ಯೂ ಉದ್ಯಾನದ ಕಲ್ಲುತೋಟಕ್ಕೆ ಒಂದು ದಿನ ಹೋಗಿಬನ್ನಿ. 1882ರಲ್ಲಿ ಕಟ್ಟಿದ್ದು ಅದು. ಕಲ್ಲನ್ನು ಹೇಗೆ ಹೂಳಬೇಕು, ಗಿಡವನ್ನು ಎಲ್ಲಿ ಸಿಕ್ಕಿಸಬೇಕು ಎಂಬುದು ಹತ್ತು ಪುಸ್ತಕ ಓದುವುದಕ್ಕಿಂತ ಅಲ್ಲಿ ಅರ್ಧ ಗಂಟೆ ನಡೆದಾಡಿದರೆ ತಿಳಿಯುತ್ತದೆ. ನಡಿಗೆಯೂ ಆದಂತಾಯಿತು.

ನೆಟ್ಟ ಮೊದಲ ನಾಲ್ಕಾರು ವಾರ ನೀರು ಬೇಕು. ಆಮೇಲೆ ಜಲ್ಲಿ ಸರಿಸಿ ಬೆರಳಿಟ್ಟು ನೋಡಿ, ಒಂದಂಗುಲ ಒಣಗಿದ್ದರೆ ಮಾತ್ರ ಹಾಕಿ. ತೊಟ್ಟಿ ನೆಲಕ್ಕಿಂತ ಬೇಗ ಒಣಗುವುದರಿಂದ ಜುಲೈ ಬಿಸಿಲಿನಲ್ಲಿ ಈ ಬೆರಳ ಪರೀಕ್ಷೆ ದಿನವೂ ಮಾಡಬೇಕಾದೀತು. ಚಳಿಗಾಲಕ್ಕೆ ಒಂದು ಗಾಜಿನ ಹಲಗೆಯನ್ನು ನಾಲ್ಕು ಇಟ್ಟಿಗೆಗಳ ಮೇಲೆ ಚಪ್ಪರದ ಹಾಗೆ ಇಟ್ಟು, ಪಕ್ಕಗಳನ್ನು ಗಾಳಿಗೆ ಬಿಟ್ಟರೆ ಮಳೆಯ ಕಾಟ ತಪ್ಪುತ್ತದೆ.

ಬಿಸಿಲು ಗಿಡಕ್ಕೂ ನಿಮಗೂ

ಗೋಡೆಹೂವಿಗೆ ದಿನಕ್ಕೆ ಆರು ಗಂಟೆಯ ಬಿಸಿಲು ಬೇಕು. ತೊಟ್ಟಿಯನ್ನು ದಕ್ಷಿಣಕ್ಕೋ ಪಶ್ಚಿಮಕ್ಕೋ ಮುಖ ಮಾಡಿಸಿ. ಅದನ್ನು ನೋಡಿಕೊಳ್ಳುವ ನೆಪದಲ್ಲಿ ನೀವೂ ಬಿಸಿಲಿಗೆ ಬರುತ್ತೀರಿ ಎನ್ನುವುದೇ ಈ ಚಿಕಿತ್ಸೆಯ ಗುಟ್ಟು.

ನಮ್ಮ ಮೈಬಣ್ಣ ನಮ್ಮ ಬಿಸಿಲಿಗೆ ಹೇಳಿಮಾಡಿಸಿದ್ದು, ಅಲ್ಲಿನದಕ್ಕಲ್ಲ. ಕಪ್ಪು ಚರ್ಮದಲ್ಲಿ ವಿಟಮಿನ್ ‘ಡಿ’ ತಯಾರಾಗಲು ಬಿಳಿಯರಿಗಿಂತ ಹೆಚ್ಚು ಹೊತ್ತು ಬಿಸಿಲು ಬೇಕು. 1960ರ ದಶಕದಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದಲ್ಲಿ ನಮ್ಮ ಉಪಖಂಡದಿಂದ ಹೋಗಿ ನೆಲಸಿದ ಕುಟುಂಬಗಳಲ್ಲಿ ಮಕ್ಕಳಿಗೆ ಮೂಳೆ ಬಾಗುವ ರಿಕೆಟ್ಸ್, ದೊಡ್ಡವರಿಗೆ ಮೂಳೆ ಮೆತ್ತಗಾಗುವ ಕಾಯಿಲೆ ಕಾಣಿಸಿಕೊಂಡು ವೈದ್ಯರು ಬೆಚ್ಚಿದ್ದರು. ಬಿಸಿಲಿನ ಕೊರತೆ ಅದಕ್ಕೆ ಒಂದು ದೊಡ್ಡ ಕಾರಣ. ಇಂದಿಗೂ ಅಲ್ಲಿನ ಸರ್ಕಾರಿ ಆರೋಗ್ಯ ಇಲಾಖೆ ಚಳಿಗಾಲದಲ್ಲಿ ಎಲ್ಲರೂ ದಿನಕ್ಕೆ 10 ಮೈಕ್ರೋಗ್ರಾಂ, ಅಂದರೆ 400 ಯೂನಿಟ್, ವಿಟಮಿನ್ ‘ಡಿ’ ತೆಗೆದುಕೊಳ್ಳುವುದನ್ನು ಯೋಚಿಸಬೇಕೆಂದು ಹೇಳುತ್ತದೆ. ಕಪ್ಪು ಮೈಬಣ್ಣದವರಿಗೂ, ಹೊರಗೆ ಬಾರದವರಿಗೂ ವರ್ಷವಿಡೀ ಇದೇ ಸಲಹೆ.

ಎರಡು ವಿಷಯ ನೆನಪಿಡಿ. ಕಿಟಕಿಯ ಗಾಜಿನ ಹಿಂದೆ ಎಷ್ಟು ಹೊತ್ತು ಬಿಸಿಲು ಕಾಯಿಸಿದರೂ ವಿಟಮಿನ್ ‘ಡಿ’ ಸಿಗುವುದಿಲ್ಲ, ಅದಕ್ಕೆ ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ. ಇನ್ನು ಅಕ್ಟೋಬರಿನಿಂದ ಮಾರ್ಚ್ ಆರಂಭದವರೆಗೆ ಅಲ್ಲಿನ ಬಿಸಿಲಿನಲ್ಲೇ ಆ ಕಿರಣ ಸಾಲದು. ತೋಟದಲ್ಲಿ ನಿಂತರೂ ಅಷ್ಟೇ. ಊರಿನಿಂದ ತಂದ 60,000 ಯೂನಿಟ್ಟಿನ ಪುಡಿಯ ಪೊಟ್ಟಣವನ್ನು ಅಲ್ಲಿನ ದಿನದ ಮಾತ್ರೆಯೆಂದು ತಿಳಿದು ದಿನವೂ ನುಂಗಬೇಡಿ. ವಿಟಮಿನ್ ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೂ ಹೃದಯಕ್ಕೂ ತೊಂದರೆ.

ಮನಸ್ಸಿಗೆ ಏನು ಲಾಭ ಎಂದು ಕೇಳುವವರಿಗೆ ಎರಡು ಅಧ್ಯಯನ ಹೇಳಬಹುದು. ಅಮೆರಿಕದ ರೋಜರ್ ಉಲ್ರಿಚ್ 1984ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದದ್ದು ಮೊದಲನೆಯದು. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳಲ್ಲಿ ಅರ್ಧ ಜನರ ಕಿಟಕಿಯಿಂದ ಮರ ಕಾಣುತ್ತಿತ್ತು, ಉಳಿದವರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಸುಮಾರು ಮುಕ್ಕಾಲು ದಿನ ಮೊದಲೇ ಮನೆಗೆ ಹೋದರು, ನೋವಿನ ಪ್ರಬಲ ಔಷಧಿಯೂ ಕಡಿಮೆ ಬೇಕಾಯಿತು. ಎರಡನೆಯದು 2011ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ನಡೆದದ್ದು. 30 ಮಂದಿ ಹವ್ಯಾಸಿ ತೋಟಗಾರರಿಗೆ ಮೊದಲು ತಲೆಬಿಸಿಯ ಪರೀಕ್ಷೆ ಕೊಟ್ಟು, ಆಮೇಲೆ ಅರ್ಧ ಗಂಟೆ ಕೆಲವರಿಗೆ ತೋಟದ ಕೆಲಸ, ಕೆಲವರಿಗೆ ಪುಸ್ತಕ ಓದಲು ಬಿಟ್ಟರು. ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಇಬ್ಬರಲ್ಲೂ ಇಳಿಯಿತು. ತೋಟದವರಲ್ಲಿ ಹೆಚ್ಚು ಇಳಿಯಿತು. ಎರಡೂ ಸಣ್ಣ ಅಧ್ಯಯನಗಳೇ. ಇವನ್ನೇ ಹಿಡಿದು ಮಾತ್ರೆ ಬಿಡುವಂತಿಲ್ಲ. ಮಾಡಲು ಒಂದು ಕೆಲಸ, ಕಾಯಲು ಒಂದು ಮೊಗ್ಗು ಇದ್ದರೆ ಮುದುಕರ ದಿನ ಉರುಳುತ್ತದೆ ಎಂಬುದಕ್ಕೆ ಅಧ್ಯಯನವೇ ಬೇಕಿಲ್ಲ.

ಸಾಸಿವೆಯ ಮುಖ, ಕಣಗಿಲೆಯ ಗುಣ

ಈಗ ಮುಖ್ಯ ಮಾತಿಗೆ ಬರೋಣ. ನಮ್ಮ ಹೆಂಗಸರಿಗೆ ಸೊಪ್ಪು ಗುರುತಿಸುವ ಕಣ್ಣು ಚೆನ್ನಾಗಿದೆ. ಬೇಲಿಯ ಬದಿಯ ಅಣ್ಣೆ ಸೊಪ್ಪು, ಹೊಲದ ಬದುವಿನ ಗೋಣಿ ಸೊಪ್ಪು ತಂದು ಬೆರಕೆ ಸೊಪ್ಪಿನ ಸಾರು ಮಾಡುವ ಕೈ ಅದು. ಇಂಗ್ಲೆಂಡಿನ ಅಂಗಡಿಯಲ್ಲಿ ಒಂದು ಹಿಡಿ ಸೊಪ್ಪಿನ ಬೆಲೆಯನ್ನು ರೂಪಾಯಿಗೆ ಲೆಕ್ಕ ಹಾಕಿ ಎದೆ ಒಡೆದುಕೊಂಡವರಿಗೆ ಹಿತ್ತಲಿನಲ್ಲಿ ಸಾಸಿವೆ ಸೊಪ್ಪಿನಂಥದು ಕಂಡರೆ ಕೈ ಸುಮ್ಮನಿರುತ್ತದೆಯೇ? ಇಲ್ಲೇ ಎಡವಟ್ಟಾಗುವುದು.

ಗೋಡೆಹೂವಿನ ಎಲೆ, ಕಾಂಡ, ಬೀಜ ಎಲ್ಲದರಲ್ಲೂ ಕಾರ್ಡಿನೊಲೈಡ್ ಎಂಬ ವಸ್ತುಗಳಿವೆ. ಹೃದಯದ ಮೇಲೆ ಕೆಲಸ ಮಾಡುವ ವಿಷಗಳು ಇವು. ನಮ್ಮ ಕಣಗಿಲೆಯಲ್ಲಿ, ಹಳದಿ ಹೂವಿನ ಕಾಡುಕಣಗಿಲೆಯ ಬೀಜದಲ್ಲಿ ಇರುವುದೂ ಇದೇ ಜಾತಿಯ ವಿಷ. ಕಾಡುಕಣಗಿಲೆಯ ಬೀಜ ಅರೆದು ಕುಡಿದವರನ್ನು ನಮ್ಮ ಜಿಲ್ಲಾ ಆಸ್ಪತ್ರೆಗಳ ವೈದ್ಯರು ಚೆನ್ನಾಗಿ ಬಲ್ಲರು. ಇಂಗ್ಲೆಂಡಿನ ವಿಲಿಯಂ ವಿದರಿಂಗ್ ಎಂಬ ವೈದ್ಯರು ಫಾಕ್ಸ್‌ಗ್ಲವ್ ಗಿಡದ ಎಲೆಯಿಂದ ಹೃದ್ರೋಗಿಗಳ ನೀರೂತ ಇಳಿಸಿದ ಬಗೆಯನ್ನು 1785ರಲ್ಲಿ ಪುಸ್ತಕ ಮಾಡಿದರು. ಆ ಬಳಗದ ಗಿಡದಿಂದ 1930ರಲ್ಲಿ ಬೇರ್ಪಡಿಸಿದ ಡಿಗಾಕ್ಸಿನ್ ಇಂದಿಗೂ ಹೃದಯದ ಮಾತ್ರೆ. ಅದೂ ಇದೇ ವಂಶದ್ದು.

ಹೃದಯದ ಸ್ನಾಯುವಿನ ಪ್ರತಿ ಜೀವಕೋಶದಲ್ಲೂ ಸೋಡಿಯಂ ಹೊರದೂಡಿ ಪೊಟ್ಯಾಸಿಯಂ ಒಳಗೆ ಎಳೆಯುವ ಒಂದು ಪಂಪು ಇದೆ. ಈ ವಸ್ತುಗಳು ಆ ಪಂಪನ್ನು ತಡೆಯುತ್ತವೆ. ಸ್ವಲ್ಪವೇ ತಡೆದರೆ ಹೃದಯ ಗಟ್ಟಿಯಾಗಿ, ನಿಧಾನವಾಗಿ ಬಡಿಯುತ್ತದೆ, ರೋಗಿಗೆ ಉಪಕಾರ. ಹೆಚ್ಚು ತಡೆದರೆ ಬಡಿತದ ತಾಳವೇ ತಪ್ಪುತ್ತದೆ. ಉಪಕಾರಕ್ಕೂ ಅಪಾಯಕ್ಕೂ ನಡುವಿನ ಅಂತರ ಬಹಳ ಕಡಿಮೆ. ಡಿಗಾಕ್ಸಿನ್ ಮಾತ್ರೆಯಲ್ಲಿ ಇರುವ ಔಷಧಿ 0.25 ಮಿಲಿಗ್ರಾಂ, ಒಂದು ಗ್ರಾಮಿನ ನಾಲ್ಕು ಸಾವಿರದಲ್ಲೊಂದು ಪಾಲು. ಅಳತೆಯಿಟ್ಟ ಮಾತ್ರೆಯೇ ಹೀಗಿರುವಾಗ ಹಿಡಿ ಸೊಪ್ಪಿನಲ್ಲಿ ಎಷ್ಟಿದೆಯೆಂದು ಯಾರು ಹೇಳಬೇಕು?

ಗಿಡಕ್ಕೆ ಈ ವಿಷ ಏಕೆ ಬೇಕಾಯಿತು ಎಂಬುದು ಸ್ವಾರಸ್ಯದ ಸಂಗತಿ. ಸಾಸಿವೆಯ ಮನೆತನಕ್ಕೆಲ್ಲ ಘಾಟು ಒಂದು ಆಯುಧ. ಒಗ್ಗರಣೆಯಲ್ಲಿ ಮೂಗಿಗೆ ಬಡಿಯುವ ಆ ಘಾಟು ಹುಳಗಳನ್ನು ಓಡಿಸಲು ಇರುವಂಥದು. ಆದರೆ ಎಲೆಕೋಸಿನ ಬಿಳಿ ಚಿಟ್ಟೆ ಅದಕ್ಕೆ ಹೊಂದಿಕೊಂಡುಬಿಟ್ಟಿದೆ. ಘಾಟಿನ ಜಾಡು ಹಿಡಿದೇ ಬಂದು ಮೊಟ್ಟೆಯಿಡುತ್ತದೆ. ಗೋಡೆಹೂಗಳು ಘಾಟಿನ ಜೊತೆಗೆ ಎರಡನೆಯ ಆಯುಧವಾಗಿ ಹೃದಯದ ವಿಷವನ್ನೂ ಮಾಡಿಕೊಂಡವು. ಗೋಡೆಹೂವಿನ ಬಳಗದ ಒಂದು ಕಳೆಗಿಡದ ಮೇಲೆ ಇಳಿದ ಆ ಬಿಳಿ ಚಿಟ್ಟೆ ಮೊಟ್ಟೆಯಿಡದೆ ಹಾರಿಹೋಗುವುದನ್ನು ವಿಜ್ಞಾನಿಗಳು ಕಂಡಿದ್ದಾರೆ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ಕುಲದ 48 ಜಾತಿಗಳನ್ನು ಪರೀಕ್ಷಿಸಿ, ಎರಡು ಆಯುಧಗಳೂ ಒಂದಕ್ಕೊಂದು ಪೂರಕವಾಗಿ ಕೆಲಸ ಮಾಡುವಂತೆ ತೋರುತ್ತದೆ ಎಂದು ಹೇಳಿತು. ಚಿಟ್ಟೆಗೆ ತಿಳಿದದ್ದು ನಮಗೂ ತಿಳಿದಿರಲಿ.

ಗುರುತು ಹೇಗೆ? ಸಾಸಿವೆಯ ಬುಡದ ಎಲೆ ಅಗಲ, ಅಂಚು ಹರಿದಂತೆ, ತಿಳಿಹಸಿರು, ಮೆತ್ತಗೆ. ಗೋಡೆಹೂವಿನ ಎಲೆ ಸಣ್ಣ, ಉದ್ದ, ಈಟಿಯ ಮೊನೆಯಂತೆ, ಬಣ್ಣ ಬೂದು ಮಿಶ್ರಿತ ಹಸಿರು, ಮುಟ್ಟಿದರೆ ಬಿರುಸು. ಹೂ ಮತ್ತು ಉದ್ದನೆಯ ಕಾಯಿ ಮಾತ್ರ ಎರಡರಲ್ಲೂ ಒಂದೇ ತರಹ, ಅವನ್ನು ನಂಬಿ ತೀರ್ಮಾನಿಸಬೇಡಿ. ಇಷ್ಟೆಲ್ಲ ಹೇಳಿದ ಮೇಲೂ ನಮ್ಮ ಸಲಹೆ ಒಂದೇ: ಪರದೇಶದ ಹಿತ್ತಲಿನಲ್ಲಿ ನೀವೇ ಬೀಜ ಹಾಕಿ ಬೆಳೆಸದ ಯಾವ ಸೊಪ್ಪನ್ನೂ ಸಾರಿಗೆ ಹಾಕಬೇಡಿ. ಬೇಯಿಸಿದರೆ ವಿಷ ಹೋಗುತ್ತದೆ ಎಂದು ನಂಬಬೇಡಿ. ಮೆಂತ್ಯ, ಕೊತ್ತಂಬರಿ ಬೆಳೆಸುವ ಆಸೆಯಿದ್ದರೆ ಬೇರೆ ಕುಂಡದಲ್ಲಿ, ಗೋಡೆಹೂವಿನ ತೊಟ್ಟಿಯಿಂದ ದೂರದಲ್ಲಿ ಬೆಳೆಸಿ.

ಗಾಬರಿಯೂ ಬೇಡ. ಗಿಡ ಮುಟ್ಟಿದರೆ, ಹೂ ಮೂಸಿದರೆ ವಿಷ ಏರುವುದಿಲ್ಲ. ಮೊಮ್ಮಗು ಒಂದು ಎಸಳು ಬಾಯಿಗಿಟ್ಟು ಉಗುಳಿದರೆ ಬಾಯಿ ತೊಳೆಸಿ, ಅಲ್ಲಿನ 111ಕ್ಕೆ ಫೋನು ಮಾಡಿ ಕೇಳಿದರೆ ಮುಂದೇನೆಂದು ಹೇಳುತ್ತಾರೆ. ಆದರೆ ಡಿಗಾಕ್ಸಿನ್ ತೆಗೆದುಕೊಳ್ಳುವವರ ವಿಷಯ ಬೇರೆ. ಅವರ ರಕ್ತದಲ್ಲಿ ಇದೇ ಬಗೆಯ ವಸ್ತು ಮೊದಲೇ ಇರುತ್ತದೆ, ಅದರ ಮೇಲೆ ಇನ್ನೊಂದಿಷ್ಟು ಸೇರಿದರೆ ಅಳತೆ ಮೀರುತ್ತದೆ. ಜೊತೆಗೆ ನೀರಿನ ಮಾತ್ರೆ ನುಂಗಿ ಪೊಟ್ಯಾಸಿಯಂ ಇಳಿದಿದ್ದರೆ ಅಪಾಯ ಇನ್ನೂ ಹೆಚ್ಚು. ಸೊಪ್ಪು ತಿಂದ ಮೇಲೆ ಓಕರಿಕೆ, ವಾಂತಿ, ಹೊಟ್ಟೆನೋವು, ತಲೆಸುತ್ತು, ನಾಡಿ ನಿಧಾನವಾಗುವುದು ಅಥವಾ ತಪ್ಪುವುದು ಕಂಡರೆ ಮನೆಮದ್ದು ಮಾಡುತ್ತ ಕೂರಬೇಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಅಲ್ಲಾದರೆ 999, ಇಲ್ಲಾದರೆ 108. ತಿಂದ ಗಿಡದ ಒಂದು ಕೊಂಬೆಯನ್ನೂ ರೋಗಿಯ ಮಾತ್ರೆಗಳ ಡಬ್ಬಿಯನ್ನೂ ಆಸ್ಪತ್ರೆಗೆ ಒಯ್ಯಿರಿ. ಡಿಗಾಕ್ಸಿನ್ ವಿಷಕ್ಕೆ ಪ್ರತಿವಿಷದ ಚುಚ್ಚುಮದ್ದು ಇದೆ, ಕಣಗಿಲೆಯ ವಿಷಕ್ಕೂ ವೈದ್ಯರು ಅದನ್ನು ಬಳಸುತ್ತಾರೆ. ಗಿಡ ಯಾವುದೆಂದು ತಿಳಿದರೆ ಅವರ ಕೆಲಸ ಬೇಗ ಸಾಗುತ್ತದೆ.

ಅಂತರ್ಜಾಲದಲ್ಲಿ, ಹಳೆಯ ಮೂಲಿಕೆ ಪುಸ್ತಕಗಳಲ್ಲಿ ಗೋಡೆಹೂವಿನ ಕಷಾಯ ಹೃದಯಕ್ಕೆ ಒಳ್ಳೆಯದೆಂದು ಬರೆದದ್ದು ಕಣ್ಣಿಗೆ ಬೀಳಬಹುದು. ಹೃದಯದ ಮೇಲೆ ಅದು ಕೆಲಸ ಮಾಡುವುದು ನಿಜ, ಭಯವಿರುವುದೂ ಅದಕ್ಕೇ.

ಕೈಗೆ ಕವಚ, ಕಾಲಿಗೆ ಷೂ

ತೋಟದ ಕೆಲಸದ ಉಳಿದ ಎಚ್ಚರಿಕೆಗಳನ್ನು ಬೇಗ ಹೇಳಿ ಮುಗಿಸೋಣ. ರಕ್ತದೊತ್ತಡದ ಮಾತ್ರೆ ನುಂಗುವವರು ಬಗ್ಗಿದವರು ಒಮ್ಮೆಲೇ ಮೇಲೇಳಬಾರದು, ಕಣ್ಣು ಕತ್ತಲಿಟ್ಟು ಬೀಳುತ್ತೀರಿ. ಮಧುಮೇಹದವರು ಬರಿಗಾಲಿನಲ್ಲಾಗಲಿ ಹವಾಯಿ ಚಪ್ಪಲಿಯಲ್ಲಾಗಲಿ ಜಲ್ಲಿಯ ಹತ್ತಿರ ಓಡಾಡಬೇಡಿ. ಅಂಗಾಲಿನ ಸ್ಪರ್ಶ ಕಡಿಮೆಯಾದವರಿಗೆ ಒಂದು ಚೂಪುಗಲ್ಲು ಚುಚ್ಚಿದ್ದು ತಿಳಿಯುವುದೇ ಇಲ್ಲ, ತಿಳಿಯುವ ಹೊತ್ತಿಗೆ ಹುಣ್ಣಾಗಿರುತ್ತದೆ. ಮುಚ್ಚಿದ ಷೂ ಹಾಕಿ, ರಾತ್ರಿ ಪಾದ ನೋಡಿಕೊಳ್ಳಿ. ಹೊರಡುವ ಮೊದಲೇ ಟೆಟನಸ್ ಚುಚ್ಚುಮದ್ದಿನ ವಿಷಯ ನಿಮ್ಮ ವೈದ್ಯರಲ್ಲಿ ಕೇಳಿಕೊಳ್ಳಿ.

ಚೀಲದಲ್ಲಿ ಬರುವ ಕಾಂಪೋಸ್ಟ್ ಮಣ್ಣಿನ ಬಗ್ಗೆ ಕೊಂಚ ಹೆಚ್ಚು ಹೇಳಬೇಕು. ಅದರಲ್ಲಿ ಲೀಜಿಯೊನೆಲ್ಲಾ ಲಾಂಗ್‌ಬೀಚೇ ಎಂಬ ಬ್ಯಾಕ್ಟೀರಿಯಾ ಇರಬಹುದು. ಅದರ ಧೂಳು ಉಸಿರಿನಲ್ಲಿ ಹೋಗಿ ನ್ಯುಮೋನಿಯಾ ಆದದ್ದು ಆಸ್ಟ್ರೇಲಿಯಾದಲ್ಲಿ 1980ರ ದಶಕದ ಕೊನೆಗೇ ಬೆಳಕಿಗೆ ಬಂತು. ಸ್ಕಾಟ್ಲೆಂಡಿನಲ್ಲೂ 2013ರಲ್ಲಿ ಕೆಲವರಿಗೆ ಆಯಿತು. ಅಪರೂಪದ್ದೇ ಆದರೂ ವಯಸ್ಸಾದವರಿಗೆ, ಶ್ವಾಸಕೋಶದ ತೊಂದರೆಯಿರುವವರಿಗೆ ಜೀವಕ್ಕೆ ಬರುವಂಥದು. ಚೀಲವನ್ನು ಮುಚ್ಚಿದ ಕೋಣೆಯಲ್ಲಿ ಒಡೆಯಬೇಡಿ. ಹೊರಗೆ, ಮುಖ ದೂರವಿಟ್ಟು, ಕತ್ತರಿಯಿಂದ ಬಿಡಿಸಿ, ಸ್ವಲ್ಪ ನೀರು ಚಿಮುಕಿಸಿ ಬೆರೆಸಿ. ಮೂಗಿಗೆ ಮಾಸ್ಕ್ ಇರಲಿ. ಆಮೇಲೆ ಕೈ ತೊಳೆಯದೆ ಎಲೆಅಡಿಕೆ ಹಾಕಬೇಡಿ. ಕಲ್ಲು ಒಡೆಯುವ ಕೆಲಸವಿದ್ದರೆ ಅದನ್ನೂ ನೆನೆಸಿಯೇ ಒಡೆಯಬೇಕು. ಕಲ್ಲಿನ ಒಣ ಧೂಳು ಎದೆಗೆ ಒಳ್ಳೆಯದಲ್ಲ.

ಹೊರಡುವ ಮೊದಲು

ಬೆಟ್ಟದ ಗೋಡೆಹೂ ದೀರ್ಘಾಯುಷಿಯಲ್ಲ. ಮೂರು ನಾಲ್ಕು ವರ್ಷಕ್ಕೆ ಕಾಂಡ ಕಟ್ಟಿಗೆಯಾಗಿ ನಡು ಬೋಳಾಗುತ್ತದೆ. ಹೂ ಮುಗಿದ ಕೂಡಲೇ ಬಾಡಿದ ತೆನೆಗಳನ್ನು ಕತ್ತರಿಸಿದರೆ ಗಿಡ ಮೆತ್ತೆಯಂತೆ ಉಳಿಯುತ್ತದೆ. ಜುಲೈ, ಆಗಸ್ಟಿನಲ್ಲಿ ಹೂ ಬಿಡದ ಚಿಗುರುಗಳನ್ನು ಒಂದು ಬೆರಳುದ್ದ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಅರ್ಧ ಜಲ್ಲಿ ಅರ್ಧ ಮಣ್ಣಿನ ಕುಂಡದ ಅಂಚಿಗೆ ಸಾಲಾಗಿ ಚುಚ್ಚಿ. ನೆರಳಿನಲ್ಲಿಟ್ಟು ಪಸೆ ಆರದಂತೆ ನೋಡಿಕೊಂಡರೆ ಒಂದು ತಿಂಗಳಿನ ಆಸುಪಾಸಿನಲ್ಲಿ ಬೇರು ಬರುತ್ತದೆ. ಎಲೆಕೋಸು, ಮೂಲಂಗಿ ಬೆಳೆದ ಮಣ್ಣನ್ನು ಇದಕ್ಕೆ ಬಳಸಬೇಡಿ. ಆ ಮನೆತನಕ್ಕೆಲ್ಲ ತಗಲುವ ಬೇರುಗಂಟಿನ ರೋಗ ಒಂದಿದೆ. ಅದರ ಬೀಜಾಣು ಇಪ್ಪತ್ತು ವರ್ಷದವರೆಗೂ ಮಣ್ಣಿನಲ್ಲಿ ಉಳಿಯಬಲ್ಲದು. ಹುಳಿ ಮಣ್ಣಿನಲ್ಲಿ ಅದರ ಹಾವಳಿ ಹೆಚ್ಚು. ಸುಣ್ಣದ ಅಂಶವಿರುವ ಮಣ್ಣು ಗೋಡೆಹೂವಿಗೆ ಹಿಡಿಸುತ್ತದೆ, ರೋಗಕ್ಕೆ ಹಿಡಿಸುವುದಿಲ್ಲ.

ಈ ಗಿಡವನ್ನು ಬೆಂಗಳೂರಿಗೆ ತಂದು ತಾರಸಿಯ ಮೇಲೆ ಬೆಳೆಸಬಹುದೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಬೇಡ. ಚಳಿಗಾಲದ ನಿದ್ದೆಯಿಲ್ಲದೆ, ಜೂನಿನಿಂದ ಅಕ್ಟೋಬರ್ ತನಕದ ನಮ್ಮ ಮಳೆಯಲ್ಲಿ ಅದು ಬಾಳುವುದಿಲ್ಲ. ಅದೇ ತೊಟ್ಟಿ, ಅದೇ ಜಲ್ಲಿ ಬೆರೆತ ಬಡ ಮಣ್ಣು, ಅದೇ ಬಿಸಿಲಿಗೆ ಇಲ್ಲಿ ಟೇಬಲ್ ರೋಸ್ ಹಾಕಿ, ಹಾಸಿಗೆಯಂತೆ ಹಬ್ಬಿ ಬೆಳಗಿನ ಬಿಸಿಲಿಗೆ ಅರಳುತ್ತದೆ. ಸೂಟ್‌ಕೇಸಿನಲ್ಲಿ ಗೋಡೆಹೂವಿನ ಗಿಡ, ಬೀಜ, ಮಣ್ಣು ಬಚ್ಚಿಟ್ಟು ತರುವ ಸಾಹಸ ಮಾಡಬೇಡಿ. 2003ರ ಸಸ್ಯ ಸಂಪರ್ಕ ನಿಷೇಧ ಆದೇಶದ ಪ್ರಕಾರ ಪರವಾನಗಿ, ಆರೋಗ್ಯ ಪ್ರಮಾಣಪತ್ರ ಇಲ್ಲದೆ ಅವನ್ನು ದೇಶದೊಳಗೆ ತರುವಂತಿಲ್ಲ. ಚಿಗುರಿದ ಕಡ್ಡಿಗಳ ಕುಂಡವನ್ನು ಸೊಸೆಯ ಕೈಗೆ ಕೊಟ್ಟು, ಗೊಬ್ಬರ ಹಾಕಬೇಡ, ನವೆಂಬರಿಗೆ ಗಾಜು ಮುಚ್ಚು, ಮಗು ಬಾಯಿಗೆ ಹಾಕಿಕೊಳ್ಳದಂತೆ ನೋಡಿಕೋ ಎಂದು ಹೇಳಿ ಬನ್ನಿ. ಮುಂದಿನ ಏಪ್ರಿಲಿನಲ್ಲಿ ಹೂವಿನ ಫೋಟೋ ನಿಮ್ಮ ಫೋನಿಗೆ ಬರುತ್ತದೆ.